ಹಿತ್ತಲಲ್ಲಿ ತುಡುವೆ ಪೆಟ್ಟಿಗೆ: ಅಕ್ಟೋಬರಿನಿಂದ ಮಳೆಗಾಲ ದಾಟುವವರೆಗೆ

ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನುನೊಣ ತುಡುವೆ. ಅದಕ್ಕೆ ಪೆಟ್ಟಿಗೆಯ ಹಂಗಿಲ್ಲ. ಇರುವೆ ಕಾಟ, ಹಸಿವು, ನೆತ್ತಿ ಸುಡುವ ಬಿಸಿಲು, ದಿನಕ್ಕೆರಡು ಸಲ ಮುಚ್ಚಳ ತೆಗೆದು ಇಣುಕುವ ಯಜಮಾನ: ಇವುಗಳಲ್ಲಿ ಒಂದಿದ್ದರೂ ಸಾಕು, ಕಟ್ಟಿದ ಎರಿಯನ್ನು (ಮೇಣದ ಹುಟ್ಟನ್ನು) ಹಾಗೇ ಬಿಟ್ಟು ಎದ್ದು ಹೋಗುತ್ತದೆ. ಆದ್ದರಿಂದ ಕರಾವಳಿ, ಮಲೆನಾಡು, ಕೊಡಗಿನ ಕಡೆ ಹೊಸದಾಗಿ ಸಾಕುವವರು ಮೊದಲ ವರ್ಷದ ಲೆಕ್ಕವನ್ನು ಜೇನಿನ ಬಾಟಲಿಯಲ್ಲಿ ಇಡಬಾರದು. ಮುಂದಿನ ಸೆಪ್ಟೆಂಬರಿನಲ್ಲಿ ಪೆಟ್ಟಿಗೆಯೊಳಗೆ ನೊಣ ಇದ್ದರೆ ಗೆದ್ದಂತೆ.

ಕೊಳ್ಳುವ ಕಾಲ ಅಕ್ಟೋಬರ್–ನವೆಂಬರ್. ಮಳೆ ಬಿಟ್ಟು ಹೂ ಶುರುವಾಗಿರುತ್ತದೆ, ಕುಟುಂಬ ಬೆಳೆಯುವ ಹುರುಪಿನಲ್ಲಿರುತ್ತದೆ. ಏಪ್ರಿಲ್‌ನಲ್ಲಿ ತುಂಬಿ ತುಳುಕುವ ಪೆಟ್ಟಿಗೆ ನೋಡಿ ಆಸೆಪಟ್ಟು ತಂದವರಿಗೆ ಎರಡೇ ತಿಂಗಳಲ್ಲಿ ಮಳೆ ಎದುರಾಗುತ್ತದೆ, ಕೈ ಇನ್ನೂ ಪಳಗಿರುವುದಿಲ್ಲ. ತೋಟಗಾರಿಕೆ ಇಲಾಖೆ, ಜೇನು ಕೃಷಿಕರ ಸಹಕಾರ ಸಂಘ ಅಥವಾ ಪರಿಚಯದ ಕೃಷಿಕರ ಹತ್ತಿರ ತೆಗೆದುಕೊಳ್ಳಿ. ಸಾಧ್ಯವಾದರೆ ಎರಡು ಪೆಟ್ಟಿಗೆ ತನ್ನಿ. ಒಂದರಲ್ಲಿ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆ ಇರುವ ಎರಿ ಕೊಟ್ಟು ಉಳಿಸಬಹುದು. ಒಂದೇ ಇದ್ದರೆ ನೋಡುತ್ತ ಕೂರಬೇಕು.

ಕೊಳ್ಳುವಾಗ ಮಾರುವವರ ಕೈಯಿಂದಲೇ ಪೆಟ್ಟಿಗೆ ತೆರೆಸಿ. ಎರಿ ಕಟ್ಟಿದ ನಾಲ್ಕೈದು ಚೌಕಟ್ಟಿನ ಎರಡೂ ಬದಿ ನೊಣ ಮುಚ್ಚಿರಬೇಕು. ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬೆಳಕು ಹೆಗಲ ಮೇಲಿಂದ ಎರಿಯ ಕಣ್ಣುಗಳ (ಮೇಣದ ಗೂಡುಗಳ) ತಳಕ್ಕೆ ಬೀಳುವಂತೆ ಹಿಡಿದರೆ ಮೊಟ್ಟೆ ಕಾಣುತ್ತದೆ: ದಾರದ ಚೂರಿನಷ್ಟು ಸಣ್ಣದು, ಬಿಳಿ, ಒಂದು ಕಣ್ಣಿಗೆ ಒಂದೇ. ಮೊಟ್ಟೆ ಕಂಡರೆ ರಾಣಿಯನ್ನು ಹುಡುಕುವ ಅಗತ್ಯವಿಲ್ಲ, ಕಳೆದ ಮೂರು ದಿನದೊಳಗೆ ಅವಳು ಅಲ್ಲಿದ್ದಳು ಎಂದರ್ಥ. ಒಂದೇ ಕಣ್ಣಿನಲ್ಲಿ ಮೂರು ನಾಲ್ಕು ಮೊಟ್ಟೆ, ಜತೆಗೆ ತುಂಬ ಗಂಡು ನೊಣ ಕಂಡರೆ ರಾಣಿ ಇಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ. ಪುಕ್ಕಟೆ ಕೊಟ್ಟರೂ ಬೇಡ.

ಜಾಗ, ಕಂಬ, ಇರುವೆ

ಎರಡೂವರೆ–ಮೂರು ಅಡಿ ಎತ್ತರದ ಒಂಟಿ ಕಂಬದ ಸ್ಟ್ಯಾಂಡ್ ಒಳ್ಳೆಯದು. ಕಂಬ ಒಂದೇ ಆದರೆ ಇರುವೆಗೆ ದಾರಿಯೂ ಒಂದೇ. ಕಂಬದ ಸುತ್ತ ನೀರು ನಿಲ್ಲುವ ಬಟ್ಟಲು ಕೂರಿಸಿ, ವಾರಕ್ಕೊಮ್ಮೆ ನೀರು ಬದಲಿಸಿ. ಒಣಗಿದ ಹುಲ್ಲು ಒಂದು ಪೆಟ್ಟಿಗೆಗೆ ಒರಗಿಕೊಂಡರೂ ಅದು ಇರುವೆಗೆ ಸೇತುವೆ, ಹಾಗಾಗಿ ಸುತ್ತ ಮೂರಡಿ ಸವರಿಡಿ.

ಬಾಗಿಲು ಪೂರ್ವಕ್ಕಿರಲಿ, ಬೆಳಗಿನ ಬಿಸಿಲು ಬೀಳಲಿ, ಹನ್ನೊಂದರ ಮೇಲೆ ನೆರಳು ಬೇಕು. ತೆಂಗಿನ ಮರದಡಿ ಬೇಡ, ಕಾಯಿ ಅಥವಾ ಮಡಲು ಬಿದ್ದರೆ ಪೆಟ್ಟಿಗೆ ಮುಗಿಯಿತು. ಬೀದಿದೀಪಕ್ಕೋ ಅಂಗಳದ ಬಲ್ಬಿಗೋ ಬಾಗಿಲು ಎದುರಾಗಬಾರದು. ನೊಣ ರಾತ್ರಿ ದೀಪಕ್ಕೆ ಬಂದು ಸಾಯುತ್ತದೆ. ಎರಿ ತೂಕದ ಗುಂಡಿನಂತೆ ನೇರ ಇಳಿಯುವುದರಿಂದ ಪೆಟ್ಟಿಗೆ ಎಡ–ಬಲಕ್ಕೆ ಸಮ ಇರಬೇಕು. ಮುಂದಕ್ಕೆ ಮಾತ್ರ ಕೂದಲೆಳೆ ವಾಲಿಕೆ ಇರಲಿ, ಮಳೆ ನೀರು ಹೊರಗೆ ಹರಿಯುತ್ತದೆ.

ಸಾಗಿಸುವುದು ಕತ್ತಲಾದ ಮೇಲೆ. ಬಾಗಿಲಿಗೆ ಜಾಲರಿ ಬಡಿದು, ಚೌಕಟ್ಟು ಅಲುಗಾಡದಂತೆ ಬಿಗಿದು ತನ್ನಿ. ಎರಡು ಮೂರು ಕಿಲೋಮೀಟರಿಗಿಂತ ಹತ್ತಿರದಿಂದ ತಂದರೆ ಮೇಯಲು ಹೋದ ನೊಣ ಹಳೆಯ ಜಾಗಕ್ಕೇ ವಾಪಸಾಗುತ್ತದೆ. ಅಂಗಳದೊಳಗೇ ಜರುಗಿಸಬೇಕಾದರೆ ದಿನಕ್ಕೆ ಎರಡಡಿ ಮೀರಬೇಡಿ.

ವಾರದ ನೋಟ

ಏಳು ದಿನಕ್ಕೊಮ್ಮೆ ತೆರೆಯಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಇದಕ್ಕೊಂದು ಲೆಕ್ಕವಿದೆ. ಹೊಸ ರಾಣಿ ಬೆಳೆಯುವ ಗೂಡಾದ ರಾಣಿ ಕೋಶದಲ್ಲಿ ಮೊಟ್ಟೆ ಮೂರು ದಿನ, ಹುಳು ಸುಮಾರು ಐದು ದಿನ. ಎಂಟನೇ ದಿನದ ಹೊತ್ತಿಗೆ ಕೋಶಕ್ಕೆ ಮುಚ್ಚಳ ಬೀಳುತ್ತದೆ. ಮುಚ್ಚಳ ಬಿದ್ದದ್ದೇ ತಡ, ಹಳೆ ರಾಣಿ ಅರ್ಧ ನೊಣ ಕಟ್ಟಿಕೊಂಡು ಪಾಲಾಗಿ ಹೋಗುತ್ತಾಳೆ. ಏಳು ದಿನಕ್ಕೆ ನೋಡಿದವರಿಗೆ ತೆರೆದ ಕೋಶ ಸಿಗುತ್ತದೆ, ಹದಿನೈದು ದಿನಕ್ಕೆ ನೋಡಿದವರಿಗೆ ಖಾಲಿ ಎರಿ.

ಬಿಸಿಲೇರುವ ಮೊದಲು, ಎಂಟರಿಂದ ಹತ್ತರೊಳಗೆ, ಪೆಟ್ಟಿಗೆಯ ಮಗ್ಗುಲಲ್ಲಿ ನಿಂತು ತೆರೆಯಿರಿ. ಬಾಗಿಲ ಎದುರು ನಿಲ್ಲಬೇಡಿ. ಮುಖಕ್ಕೆ ಬಲೆ ಇರಲಿ. ಹೊಗೆತಿದಿಗೆ ಒಣ ತೆಂಗಿನ ನಾರು ಸಾಕು. ತುಡುವೆಗೆ ಹೊಗೆ ಎರಡು ಮೂರು ಊದು ಮಾತ್ರ; ಜಾಸ್ತಿಯಾದರೆ ಅವು ಎರಿ ಬಿಟ್ಟು ಓಡಾಡತೊಡಗುತ್ತವೆ, ರಾಣಿ ಎಲ್ಲೋ ಮೂಲೆ ಸೇರುತ್ತಾಳೆ. ಅಂಚಿನ ಚೌಕಟ್ಟು ಮೊದಲು ಎತ್ತಿ ಪಕ್ಕಕ್ಕಿಡಿ, ಆಗ ಉಳಿದವನ್ನು ನೊಣ ಉಜ್ಜದಂತೆ ಜರುಗಿಸಿ ಎತ್ತಲು ಜಾಗವಾಗುತ್ತದೆ. ಚೌಕಟ್ಟನ್ನು ಎಂದೂ ತಟ್ಟೆಯಂತೆ ಮಲಗಿಸಿ ಹಿಡಿಯಬೇಡಿ. ಹೊಸ ಎರಿ ಎಳೆ ಹಪ್ಪಳದಷ್ಟೇ ಗಟ್ಟಿ, ಜೇನಿನ ಭಾರಕ್ಕೆ ಕಳಚಿ ಬೀಳುತ್ತದೆ. ಇನ್ನೊಂದು ಬದಿ ನೋಡಲು ಒಂದು ಕೈ ಮೇಲೆತ್ತಿ ಮೇಲಿನ ಪಟ್ಟಿಯನ್ನು ಲಂಬಕ್ಕೆ ತನ್ನಿ, ಬಾಗಿಲು ತಿರುಗಿಸಿದಂತೆ ತಿರುಗಿಸಿ, ಮತ್ತೆ ಅಡ್ಡಕ್ಕೆ ತನ್ನಿ.

ಕೊನೆಗೆ ಅಡಿಮಣೆ ಒರೆಸಿ. ಹೊಸಬರು ಬಿಡುವ ಕೆಲಸ ಇದೇ. ಅಲ್ಲಿ ಬಿದ್ದ ಮೇಣದ ಪುಡಿಯಲ್ಲಿ ಮೇಣದ ಪತಂಗದ ಹುಳು ಬೆಳೆದು ಎರಿಗೆ ಏರುತ್ತದೆ, ಬಲೆ ಹೆಣೆಯುತ್ತ ಸುರಂಗ ಕೊರೆಯುತ್ತದೆ. ಒಮ್ಮೆ ಬಲೆ ಹರಡಿತೆಂದರೆ ಕುಟುಂಬ ಪರಾರಿ.

ಕಚ್ಚಿದರೆ ಕೊಂಡಿಯನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ ಮನೆಮದ್ದು ಹುಡುಕದೆ ಸೀದಾ ಆಸ್ಪತ್ರೆಗೆ.

ಪಾಲಾಗುವ ಮುನ್ನ

ಡಿಸೆಂಬರ್ ಹೊತ್ತಿಗೆ ಎರಿಯ ಕೆಳ ಅಂಚಿನಲ್ಲಿ ಉಬ್ಬಿದ ಮುಚ್ಚಳದ ಕಣ್ಣುಗಳು ಕಾಣುತ್ತವೆ. ಮುಚ್ಚಳದ ತುದಿಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಅವು ತುಡುವೆಯ ಗಂಡು ನೊಣದ ಕೋಶ. ಇದು ಮೊದಲ ಸೂಚನೆ. ಹಿಂದೆಯೇ ಅದೇ ಅಂಚಿನಲ್ಲಿ ನೆಲಗಡಲೆ ಕಾಯಿಯಂತೆ ರಾಣಿ ಕೋಶ ಜೋತುಬೀಳುತ್ತದೆ.

ಚೌಕಟ್ಟು ಐದಾರೇ ಇದ್ದರೆ ಕೋಶ ಚಿವುಟಿ, ಖಾಲಿ ಚೌಕಟ್ಟು ಸೇರಿಸಿ ಜಾಗ ಕೊಡಿ. ಏಳೆಂಟು ತುಂಬಿದ್ದರೆ ನೀವೇ ಪಾಲು ಮಾಡಿ: ಹಳೆ ರಾಣಿಯನ್ನು ಮೂರು ನಾಲ್ಕು ಎರಿ, ಅದರ ನೊಣಗಳ ಸಮೇತ ಹೊಸ ಪೆಟ್ಟಿಗೆಗೆ ಸಾಗಿಸಿ, ಹಳೆಯದರಲ್ಲಿ ಚೆನ್ನಾಗಿ ಬೆಳೆದ ಒಂದೇ ಒಂದು ಕೋಶ ಉಳಿಸಿ. ಎರಡು ಮೂರು ಉಳಿಸಿದರೆ ಹೊಸ ರಾಣಿಗಳೂ ಒಬ್ಬೊಬ್ಬರಾಗಿ ಪಾಲು ತೆಗೆದುಕೊಂಡು ಹೊರಡುತ್ತಾರೆ. ಹೊಸ ರಾಣಿ ಹೊರಬಂದ ಮೂರು ವಾರದೊಳಗೆ ಮೊಟ್ಟೆ ಕಾಣದಿದ್ದರೆ ಹಾರಾಟದಲ್ಲಿ ಹಕ್ಕಿಯ ಬಾಯಿಗೆ ಬಿದ್ದಿದ್ದಾಳು, ಎರಡೂ ಪೆಟ್ಟಿಗೆ ಮತ್ತೆ ಒಂದಾಗಿಸಬೇಕು. ಈ ದಿನಗಳಲ್ಲಿ ಬಾಗಿಲಿಗೆ ರಾಣಿ ತಡೆ ಗೇಟು ಇಡುವುದು ದೊಡ್ಡ ತಪ್ಪು. ಅವಳು ಹೊರಗೆ ಹೋಗಿ ಕೂಡಿ ಬರಲೇಬೇಕು.

ಜೇನು

ರಬ್ಬರ್ ಚಿಗುರುವಾಗ, ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಅರಳುವಾಗ, ನೇರಳೆ ಹೂ ಬಿಡುವಾಗ ಪೆಟ್ಟಿಗೆಗೆ ಮಕರಂದದ ಸುಗ್ಗಿ. ರಬ್ಬರಿನಲ್ಲಿ ಮಕರಂದ ಒಸರುವುದು ಚಿಗುರೆಲೆಯ ತೊಟ್ಟಿನಲ್ಲಿ. ಆ ಜೇನು ಬೇಗ ಹರಳುಗಟ್ಟುತ್ತದೆ, ನೆರೆಯವರು ಸಕ್ಕರೆ ಬೆರೆಸಿದ್ದಾರೆ ಎನ್ನುತ್ತಾರೆ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ.

ಮೊಟ್ಟೆ, ಮರಿ ಇರುವ ಕೆಳಗಿನ ಸಂಸಾರ ಕೋಣೆಯ ಎಲ್ಲ ಎರಿಗೂ ನೊಣ ತುಂಬಿ, ಮೇಲಂಚಿನಲ್ಲಿ ಹೊಸ ಬಿಳಿ ಮೇಣ ಕಂಡ ಮೇಲೆ ಅದರ ಮೇಲೆ ಜೇನು ತುಂಬುವ ಜೇನು ಕೋಣೆ ಏರಿಸಿ. ಬೇಗ ಏರಿಸಿದರೆ ಒಳಗಿನ ಕಾವು ಹೋಗುತ್ತದೆ, ನೊಣ ಮೇಲೆ ಹತ್ತುವುದಿಲ್ಲ. ಜೇನು ಕೋಣೆ ಇರುವಷ್ಟು ದಿನ ಸಕ್ಕರೆ ನೀರು ಮುಟ್ಟಿಸಬೇಡಿ, ಅದೂ ಎರಿಗೇ ಸೇರುತ್ತದೆ.

ಮುಕ್ಕಾಲು ಭಾಗ ಮೇಣದ ಮುಚ್ಚಳ ಬಿದ್ದ ಎರಿ ಮಾತ್ರ ತೆಗೆಯಿರಿ. ಮುಚ್ಚದ ಜೇನಿನಲ್ಲಿ ನೀರು ಹೆಚ್ಚು. ಆಹಾರ ಸುರಕ್ಷತಾ ನಿಯಮದ ಪ್ರಕಾರ ತೇವಾಂಶ ಶೇ 20 ಮೀರಬಾರದು, ಮೀರಿದ್ದು ಹುಳಿ ಹಿಡಿದು ನೊರೆ ಬರುತ್ತದೆ. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಮುಚ್ಚಳ ಸೀಳಿ, ಎರಿ ತಿರುಗಿಸಿ ಜೇನು ತೆಗೆಯುವ ಯಂತ್ರಕ್ಕಿಡಿ. ಒಂದು ಬದಿ ಅರ್ಧ ತಿರುಗಿಸಿ, ಎರಿ ಮಗುಚಿ ಇನ್ನೊಂದು ಬದಿ ಪೂರ್ತಿ, ಮತ್ತೆ ಮೊದಲ ಬದಿ. ಒಂದೇ ಸಲ ರಭಸದಿಂದ ತಿರುಗಿಸಿದರೆ ಎರಿ ಹರಿಯುತ್ತದೆ. ಖಾಲಿ ಎರಿಯನ್ನು ಸಂಜೆ ವಾಪಸಿಡಿ. ಮೊದಲ ವರ್ಷ ಎರಡು ಮೂರು ಕಿಲೋ ಸಿಕ್ಕರೆ ಬೇಸರಪಡುವಂಥದ್ದೇನಲ್ಲ. ಸಂಸಾರ ಕೋಣೆಯ ಜೇನಿಗೆ ಕೈ ಹಾಕಬೇಡಿ, ಅದು ಮಳೆಗಾಲದ ಅಕ್ಕಿ.

ಗೇರು ಹೂವಿನ ಕಾಲಕ್ಕೆ ಅಕ್ಕಪಕ್ಕದ ತೋಟದವರ ಜತೆ ಮಾತಾಡಿಟ್ಟುಕೊಳ್ಳಿ. ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಔಷಧಿ ಹೊಡೆಯುವ ದಿನ ತಿಳಿದರೆ ಹಿಂದಿನ ರಾತ್ರಿಯೇ ಪೆಟ್ಟಿಗೆ ದೂರ ಸಾಗಿಸಬಹುದು.

ಜೂನ್‌ ನಂತರ

ಮೇ ಕೊನೆಗೆ ಜೇನು ಕೋಣೆ ಇಳಿಸಿ. ನೊಣ ಮುಚ್ಚದ ಎರಿಯನ್ನೆಲ್ಲ ಹೊರಗೆ ತೆಗೆಯಿರಿ. ಕಾವಲಿಲ್ಲದ ಎರಿ ಪತಂಗದ ಪಾಲು. ಉಳಿದ ಜಾಗಕ್ಕೆ ಹಲಗೆ ಅಡ್ಡ ಹಾಕಿ, ಬಾಗಿಲು ಎರಡು ಮೂರು ನೊಣ ನುಸುಳುವಷ್ಟು ಕಿರಿದಾಗಿಸಿ. ಮೇಲೆ ಅಡಿಕೆ ಹಾಳೆಯನ್ನೋ ತಗಡನ್ನೋ ಒಂದೊಂದು ಗೇಣು ಹೊರಚಾಚುವಂತೆ ಕಟ್ಟಿ.

ಆಹಾರ ವಾರಕ್ಕೊಮ್ಮೆ: ಕುದಿಸಿ ಇಳಿಸಿದ 200 ಮಿಲಿ ನೀರಿಗೆ 200 ಗ್ರಾಂ ಸಕ್ಕರೆ ಕರಗಿಸಿ, ತಣಿದ ಮೇಲೆ ತೆಂಗಿನ ಗೆರಟೆಯಲ್ಲಿ ಒಳಗಿಡಿ. ನೊಣ ಮುಳುಗದಂತೆ ನಾಲ್ಕು ಕಡ್ಡಿ ತೇಲಿಬಿಡಿ. ಕತ್ತಲಾಗುವಾಗ ಕೊಡಿ, ಒಂದು ಹನಿಯೂ ಹೊರಗೆ ಚೆಲ್ಲದಿರಲಿ. ವಾಸನೆಗೆ ಪಕ್ಕದ ಕುಟುಂಬ ದರೋಡೆಗೆ ಇಳಿಯುತ್ತದೆ. ಬೆಲ್ಲ ಬೇಡ, ಭೇದಿಯಾಗುತ್ತದೆ. ನಾಚಿಕೆಮುಳ್ಳನ್ನು ಪೂರ್ತಿ ಕಿತ್ತು ಹಾಕಬೇಡಿ, ಮಳೆಯ ನಡುವೆ ಪರಾಗ ಕೊಡುವ ಕೆಲವೇ ಗಿಡಗಳಲ್ಲಿ ಅದೊಂದು.

ಕಾಲಿನಲ್ಲಿ ಪರಾಗದ ಉಂಡೆ ಹೊತ್ತು ಬರುವ ನೊಣ ಕಾಣದಾದರೆ, ಎರಿಯಲ್ಲಿ ಮೊಟ್ಟೆಯೂ ಜೇನೂ ಮುಗಿದಿದ್ದರೆ, ಕುಟುಂಬ ಗಂಟು ಕಟ್ಟುತ್ತಿದೆ. ಆ ಸಂಜೆಯೇ ಆಹಾರ ಕೊಟ್ಟು, ಇನ್ನೊಂದು ಪೆಟ್ಟಿಗೆಯಿಂದ ಎಳೆ ಹುಳು ಇರುವ ಒಂದು ಎರಿ ಇಡಿ. ಸಾಕಲು ಮರಿ ಇದ್ದರೆ ಹೊರಡಲು ಹಿಂಜರಿಯುತ್ತವೆ.

ಆ ಎರಿ ಕೊಡುವ ಮುಂಚೆ ರೋಗ ನೋಡಿ. ಹುಳು ಕಣ್ಣಿನಲ್ಲಿ ಅಂಗಾತ ಮಲಗಿ, ತಲೆ ದೋಣಿಯ ಮೂತಿಯಂತೆ ಮೇಲೆದ್ದು, ಎತ್ತಿದರೆ ನೀರು ತುಂಬಿದ ಚೀಲದಂತೆ ಬಂದರೆ ಅದು ಥಾಯ್ ಸ್ಯಾಕ್‌ಬ್ರೂಡ್. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಬರಿದು ಮಾಡಿದ ವೈರಸ್ ಇದೇ. ಔಷಧಿ ಇಲ್ಲ, ಆ್ಯಂಟಿಬಯೋಟಿಕ್ ಕರಗಿಸಿ ಕೊಡುವುದು ವ್ಯರ್ಥ. ರೋಗದ ಎರಿ ಸುಟ್ಟು, ರಾಣಿಯನ್ನು ಎರಡು ಮೂರು ವಾರ ಪಂಜರದಲ್ಲಿಟ್ಟು ಮೊಟ್ಟೆ ತಡೆಯಿರಿ. ಹುಳುವೇ ಇಲ್ಲದಾಗ ರೋಗದ ಸರಪಳಿ ಕಡಿಯುತ್ತದೆ. ಚಾಕು, ಚೌಕಟ್ಟು, ಕೈ ಯಾವುದೂ ತೊಳೆಯದೆ ಪಕ್ಕದ ಪೆಟ್ಟಿಗೆಗೆ ಹೋಗಬಾರದು.

ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟು ಬಿಸಿಲು ಬಂದ ಮೇಲೆ ಎಲ್ಲ ಎರಿ ತೆಗೆದು ಬೆಳಕಿಗೆ ಹಿಡಿದು ನೋಡಿ. ಬೆರಳಿನ ನೆರಳೂ ಕಾಣದಷ್ಟು ಕಪ್ಪಾದ ಎರಿಯಲ್ಲಿ ಮರಿ ಇಲ್ಲದಿದ್ದರೆ ಅದನ್ನು ಕತ್ತರಿಸಿ ಮೇಣ ಕಾಯಿಸಿ, ಖಾಲಿ ಚೌಕಟ್ಟಿನ ಮೇಲಿನ ಪಟ್ಟಿಗೆ ಆ ಮೇಣದ ಒಂದು ಗೆರೆ ಸವರಿ ಒಳಗಿಡಿ. ಹೊಸ ಎರಿ ಆ ಗೆರೆ ಹಿಡಿದು ಇಳಿಯುತ್ತದೆ.