ಫ್ಲೋಮ್ ಕಣಿವೆಗೆ ನಡೆದು ಇಳಿದ ನನ್ನ ಅನುಭವ

ನಾರ್ವೆಯ ಫ್ಲೋಮ್ ಎಂದರೆ ಓಸ್ಲೋದಿಂದಲೋ ಬರ್ಗೆನ್‌ನಿಂದಲೋ ಬೆಳಿಗ್ಗೆ ಹೊರಟು, ರೈಲು, ದೋಣಿ, ಬಸ್ಸು ಬದಲಿಸುತ್ತ ರಾತ್ರಿಯೊಳಗೆ ಮುಗಿಸುವ ಸುತ್ತಾಟವೆಂದೇ ನಮ್ಮ ಬಳಗದವರೆಲ್ಲ ನಂಬಿದ್ದರು. ಅಲ್ಲಿ ನಾಲ್ಕೈದು ರಾತ್ರಿ ತಂಗುತ್ತೇವೆ, ಪ್ರಸಿದ್ಧವಾದ ಬೆಟ್ಟದ ರೈಲನ್ನು ಹತ್ತದೆ ನಡೆದೇ ಊರಿಗೆ ಇಳಿಯುತ್ತೇವೆ ಎಂದಾಗ ನಕ್ಕವರೇ ಹೆಚ್ಚು. ಕಳೆದ ಜುಲೈನಲ್ಲಿ ಅದು ಕೈಗೂಡಿದ್ದರಿಂದ ಈ ಬರಹ.

ಅದಕ್ಕೆ ಮುಂಚಿನ ಪ್ರಯತ್ನಗಳು ಹಣ ನುಂಗಿದ್ದವು. ಒಮ್ಮೆ ಬಾಡಿಗೆ ಕಾರಿನಲ್ಲಿ ಹೋದಾಗ ಬಾಡಿಗೆ, ಪೆಟ್ರೋಲು, ಪಾರ್ಕಿಂಗ್ ಸಾಲದೆಂಬಂತೆ ಟೋಲ್ ಮೊತ್ತ ಬೆಂಗಳೂರಿಗೆ ಮರಳಿ ವಾರಗಳಾದ ಮೇಲೂ ಕಾರ್ಡಿನಿಂದ ಕಡಿತವಾಗುತ್ತಲೇ ಇತ್ತು. ಇನ್ನೊಮ್ಮೆ ಮೇ ಕೊನೆಯಲ್ಲಿ ನಡೆದು ಇಳಿಯಲು ಹೊರಟರೆ ಮೇಲಿನ ಮಿರ್ದಾಲ್ ನಿಲ್ದಾಣದ ಬಳಿ ದಾರಿಯೆಲ್ಲ ಹಿಮ. ಬೇರೆ ದಾರಿಯಿಲ್ಲದೆ ತಲಾ ಐನೂರಕ್ಕೂ ಹೆಚ್ಚು ಕ್ರೋನರ್ ತೆತ್ತು ಅದೇ ರೈಲು ಹತ್ತಿದೆವು. ಕ್ರೋನರ್‌ಗೆ ಎಂಟು ರೂಪಾಯಿಯಂತೆ ಲೆಕ್ಕ ಹಾಕಿಕೊಳ್ಳಿ. 1940ರಲ್ಲಿ ಆರಂಭವಾದ ಆ ಮಾರ್ಗವನ್ನು ನಾನು ಹಳಿಯುವುದಿಲ್ಲ. ಆದರೆ ಇಪ್ಪತ್ತು ಕಿಲೋಮೀಟರ್‌ನಲ್ಲಿ ಇಪ್ಪತ್ತು ಸುರಂಗಗಳಿರುವುದರಿಂದ ಕಿಟಕಿಯ ಪಕ್ಕ ಕುಳಿತವರೂ ಗಣನೀಯ ಹೊತ್ತು ಕಲ್ಲಿನ ಗೋಡೆಯನ್ನೇ ನೋಡಬೇಕಾಗುತ್ತದೆ.

ಈ ಸಲ ಓಸ್ಲೋ–ಬರ್ಗೆನ್ ರೈಲಿನ ಅಗ್ಗದ ಟಿಕೆಟನ್ನು ಎರಡು ತಿಂಗಳಿಗೂ ಮೊದಲೇ ಕೊಂಡು, ಎಂಟು ಕೆ.ಜಿ. ಮೀರದ ಒಂದೊಂದು ಬೆನ್ನುಚೀಲ ಹೊತ್ತು, ನಾನೂ ನನ್ನ ಹೆಂಡತಿಯೂ ಮಿರ್ದಾಲ್‌ನಲ್ಲಿ ಇಳಿದೆವು. ಬರ್ಗೆನ್ ರೈಲುಮಾರ್ಗ ಕಟ್ಟುವಾಗ ಕೂಲಿಗಳು ಸಾಮಗ್ರಿ ಸಾಗಿಸಲು ಬಳಸಿದ ಹಳೆಯ ರಸ್ತೆಯ ಕವಲೇ ಅಲ್ಲಿಂದ ಫ್ಲೋಮ್‌ಗೆ ಇಳಿಯುತ್ತದೆ. ಎಂಟುನೂರು ಮೀಟರಿಗೂ ಹೆಚ್ಚಿನ ಇಳಿತದಲ್ಲಿ ಕಷ್ಟವೆಲ್ಲ ಆರಂಭದಲ್ಲೇ ಇದೆ: ಜಲ್ಲಿಕಲ್ಲಿನ ಮೇಲೆ ಒಂದರ ಕೆಳಗೊಂದು ಹೇರ್‌ಪಿನ್ ತಿರುವುಗಳು, ಸೈಕಲ್ ಸವಾರರೂ ಇಳಿದು ತಳ್ಳುವಷ್ಟು ಕಡಿದು. ಊರುಗೋಲು ಇಲ್ಲದೆ ಅಲ್ಲಿ ಮಂಡಿಯನ್ನು ಪಣಕ್ಕಿಡಬೇಡಿ. ರೈಲು ನಿಂತು ತೋರಿಸುವ ಕ್ಯೋಸ್‌ಫೊಸೆನ್ ಜಲಪಾತ ನಡೆಯುವವರಿಗೆ ತಪ್ಪುತ್ತದೆ, ನಿಜ. ಆದರೆ ಕೆಳಗೆ ಹೊಳೆಯ ಪಕ್ಕದಲ್ಲೇ ಸಾಗುವಾಗ ರ‍್ಯುವಾಂದೆಫೊಸೆನ್ ಜಲಪಾತದ ಎದುರು ಬೇಕಾದಷ್ಟು ಹೊತ್ತು ಕೂರಬಹುದು. ಬುತ್ತಿ ಬಿಚ್ಚಿದ್ದೂ ಸೇರಿ ನಮಗೆ ಆರು ಗಂಟೆ ಹಿಡಿದಿರಬೇಕು. ಸಂಜೆ ಊರು ತಲುಪುವಾಗ ಪ್ರವಾಸಿ ಹಡಗುಗಳ ಜನ ಹೊರಟುಹೋಗಿದ್ದರು. ಯಾವ ದಿನ ಯಾವ ಹಡಗು ಬರುತ್ತದೆಂಬ ಪಟ್ಟಿ ಮೊದಲೇ ಸಿಗುತ್ತದೆ. ಕೆಲವೇ ನೂರು ಜನರ ಊರಿಗೆ ಸಾವಿರಾರು ಮಂದಿ ಇಳಿಯುವ ದಿನ ನೀವು ಅಲ್ಲಿರದಂತೆ ನೋಡಿಕೊಳ್ಳಿ.

ತಂಗಿದ್ದು ಮರದ ಸಣ್ಣ ಕ್ಯಾಬಿನ್‌ನಲ್ಲಿ, ರಾತ್ರಿಗೆ ಒಂಬೈನೂರು ಕ್ರೋನರ್ ಆಸುಪಾಸು. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಇರುವುದೇ ಬೆರಳೆಣಿಕೆಯಷ್ಟು, ನನಗೆ ಮತ್ತೆ ಬೇಕಾಗಿದೆ. ಹಾಸಿಗೆಯ ಬಟ್ಟೆಗೆ ತಲಾ ನೂರು ಕ್ರೋನರ್ ಮೇಲೆ ಕೇಳುತ್ತಾರೆ. ನಾವು ಎರಡೆರಡು ಪಂಚೆಗಳನ್ನು ಮೂರು ಬದಿ ಹೊಲಿದು ಚೀಲ ಮಾಡಿಕೊಂಡು ಹೋಗಿದ್ದರಿಂದ ಆ ಹಣ ಉಳಿಯಿತು.

ಅಡುಗೆಯ ವಿಷಯದಲ್ಲಿ ಪ್ರಯೋಗಗಳೇ ನಡೆದವು. ಭಾರತದಿಂದ ಹಾಲಿನ ಉತ್ಪನ್ನ ಒಯ್ಯುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಿತು. ಅಕ್ಕಿತರಿಯನ್ನು ಫ್ಲಾಸ್ಕಿಗೆ ಹಾಕಿ ಕುದಿಯುವ ನೀರು ಸುರಿದಿಟ್ಟರೆ ಎರಡು ಗಂಟೆಯಲ್ಲಿ ಗಂಜಿಯಾಗುತ್ತದೆ. ನೀರಿನ ಅಳತೆ ನನ್ನಲ್ಲೇ ಇರಲಿ. ತೊಗರಿಬೇಳೆ ಮಾತ್ರ ಎಷ್ಟು ಹೊತ್ತು ಇಟ್ಟರೂ ಬೇಯಲಿಲ್ಲ. ನೆರೆಯ ಉಂಡ್ರೆದಾಲ್‌ನ ಆಡಿನ ಕಂದು ಚೀಸ್, ಕೋವಾಕ್ಕೆ ಉಪ್ಪು ಬೆರೆತಂಥದ್ದು, ಬಿಸಿ ಚಪಾತಿಯೊಳಗೆ ಕರಗಿ ಬಹಳ ಹೊಂದಿತು, ಚಟ್ನಿಪುಡಿಯೊಂದಿಗೆ ಹೊಂದಲಿಲ್ಲ. ಊರಿನ ಮೇಲಿನ ಬ್ರೆಕೆಫೊಸೆನ್ ಜಲಪಾತಕ್ಕೆ ದಿನವೂ ಹತ್ತಿದೆವು. ಅಲ್ಲಿಯ ಕಲ್ಲಿನ ಮೆಟ್ಟಿಲುಗಳನ್ನು ನೇಪಾಳದ ಶೆರ್ಪಾಗಳು ಹಾಕಿದ್ದಾರೆ, ಕೆಲಸ ನೋಡುವಂತಿದೆ.

ಹೊರಡುವಾಗ ಜಿಪುಣತನ ಮಾಡಲಿಲ್ಲ. ರೈಲಿನಲ್ಲಿ ಉಳಿಸಿದ ದುಡ್ಡನ್ನು ಗುಡ್‌ವಾಂಗೆನ್‌ವರೆಗಿನ ಎರಡು ಗಂಟೆಯ ದೋಣಿಗೆ ಹಾಕಿದೆವು. ಅದು ಹಾದುಹೋಗುವ ನೇರೈಫ್ಯೋರ್ಡ್, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳಚಾಚಿದ ಕಡಲಿನ ತೋಳು, 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು; ಅತಿ ಕಿರಿದಾದಲ್ಲಿ ಇನ್ನೂರೈವತ್ತು ಮೀಟರ್ ಅಗಲವಷ್ಟೆ. ಇದನ್ನು ಬಿಟ್ಟು ಬರುವವರ ಲೆಕ್ಕ ನನಗಂತೂ ಅರ್ಥವಾಗುವುದಿಲ್ಲ. ಬೆಳಗಿನ ಮೊದಲ ದೋಣಿ ಹಿಡಿದರೆ ಮುಂಭಾಗದ ಕಟಕಟೆ ನಿಮ್ಮದೇ. ಗುಡ್‌ವಾಂಗೆನ್‌ನಿಂದ ವೋಸ್‌ಗೆ ಬಸ್ಸು, ಅಲ್ಲಿಂದ ಬರ್ಗೆನ್‌ಗೆ ರೈಲು.

ವಿಮಾನ, ವೀಸಾ ಬಿಟ್ಟು, ಓಸ್ಲೋ ಬಿಟ್ಟಲ್ಲಿಂದ ಬರ್ಗೆನ್ ಮುಟ್ಟುವವರೆಗೆ ಇಬ್ಬರಿಗೂ ಸೇರಿ ಎಪ್ಪತ್ತು ಸಾವಿರ ರೂಪಾಯಿಯ ಆಚೀಚೆ ಆಗಿದೆ, ಅದರಲ್ಲಿ ಅರ್ಧದಷ್ಟು ಕ್ಯಾಬಿನ್‌ಗೆ. ಏಜೆಂಟರೊಬ್ಬರು ಎರಡೇ ರಾತ್ರಿಗೆ ಒಂದೂಮುಕ್ಕಾಲು ಲಕ್ಷ ಹೇಳಿದ್ದರು. ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ ಪಂಚೆಯ ಹೊಲಿಗೆ ಹೇಗೆಂದು ಕೇಳುತ್ತಿದ್ದಾರೆ.