ಆಪರೇಷನ್ ಆದ ಗೆಳತಿಗೆ "ಏನಾದ್ರೂ ಬೇಕಾದ್ರೆ ಹೇಳು" ಅನ್ನಬೇಡಿ

ಡೊಂಬಿವಲಿಯಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನ ಗೆಳತಿಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಯ್ತು. ಏಳು ವರ್ಷದ ಮಗನನ್ನು ಒಬ್ಬಳೇ ಸಾಕುತ್ತಿದ್ದಾಳೆ. ಅಮ್ಮ ಇರೋದು ಧಾರವಾಡದಲ್ಲಿ. ನಾವು ನಾಲ್ಕು ಜನ ಸೇರಿ ನೋಡಿಕೊಂಡೆವು.

"ಬೇಕಾದ್ರೆ ಹೇಳು" ಅಂದರೆ ಯಾರೂ ಬಾಯಿಬಿಟ್ಟು ಕೇಳಲ್ಲ. "ಮಂಗಳವಾರ, ಗುರುವಾರ ರಾತ್ರಿ ಊಟದ ಡಬ್ಬಿ ನನ್ನದು" ಅನ್ನಿ. ಮಗುವನ್ನು ಯಾರು ಕರೆದುಕೊಂಡು ಬರುತ್ತಾರೆ ಅಂತ ಶಾಲೆಗೆ ಮೊದಲೇ ಬರೆದುಕೊಡಿ. ಇಲ್ಲದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ.

ಇಂಥ ಹೊಟ್ಟೆಯ ಆಪರೇಷನ್ ಆದವರು ಸಾಮಾನ್ಯವಾಗಿ 6 ವಾರ ಭಾರ ಎತ್ತಬಾರದು. ತುಂಬಿದ ಬಕೆಟ್, ದೊಡ್ಡ ಕುಕ್ಕರ್, ಮಗು, ಯಾವುದೂ ಬೇಡ. ಅವಳು ಮನೆಗೆ ಬಂದ ದಿನ ಮಗ ಓಡಿ ಬಂದು ಮಡಿಲಿಗೆ ಹಾರಲು ಹೋದ. ಅವಳು ದಿಂಬನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡಳು, ಕಣ್ಣಲ್ಲಿ ನೀರು. ಆಮೇಲೆ ಅವನಿಗೆ ಪಕ್ಕದಲ್ಲಿ ಕೂತು ಅಮ್ಮನ ಭುಜಕ್ಕೆ ಒರಗೋದು ಹೇಳಿಕೊಟ್ಟೆವು. ಆ ದಿಂಬು ಸದಾ ಹತ್ತಿರ ಇರಲಿ. ಕೆಮ್ಮುವಾಗ, ಸೀನುವಾಗ ಒತ್ತಿ ಹಿಡಿದರೆ ನೋವು ಕಡಿಮೆ.

ಹಾಗಂತ ಸುಮ್ನೆ ಮಲಗಿರೋದೂ ಒಳ್ಳೇದಲ್ಲ. ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲು ಡಾಕ್ಟರ್ ಹೇಳಿದಷ್ಟು ನಡೆಸಿ. ಜ್ವರ ಬಂದರೆ, ಗಾಯದಲ್ಲಿ ಕೀವು ಕಂಡರೆ, ಒಂದೇ ಕಾಲು ಊದಿಕೊಂಡರೆ ತಕ್ಷಣ ಡಾಕ್ಟರಿಗೆ ತಿಳಿಸಿ. ಉಸಿರಾಟ ಕಷ್ಟವಾದರೆ ಕಾಯಲೇಬೇಡಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಮಾತು. ಮೊದಲ ವಾರ ಮನೆ ತುಂಬ ಜನ, ಹಣ್ಣು ಕೊಳೆಯುವಷ್ಟು. ಮೂರನೇ ವಾರ ಯಾರೂ ಇರಲ್ಲ, ಅವಳಿಗೆ ಇನ್ನೂ ಬಗ್ಗಿ ಕಸ ಗುಡಿಸೋಕೆ ಆಗಲ್ಲ. ನಿಮ್ಮ ರಜೆಯನ್ನು ಆ ವಾರಕ್ಕೆ ಇಟ್ಟುಕೊಳ್ಳಿ.