ಪ್ಯಾಕೆಟ್ ಎಲ್ಲಿ ನಿಂತಿದೆ? ಲಿನಕ್ಸ್ ಗೇಟ್‌ವೇ ಕೈಕೊಟ್ಟಾಗ ಹುಡುಕುವ ಕ್ರಮ

ವಿದ್ಯಾನಗರದ ಪಿ.ಜಿ.ಯಾಗಲಿ, ಎಪಿಎಂಸಿ ಯಾರ್ಡಿನ ಮಂಡಿಯಾಗಲಿ, ಹರಿಹರ ರಸ್ತೆಯ ಗಿರಣಿ ಆಫೀಸಾಗಲಿ, ಒಂದೇ ಫೈಬರ್ ಲೈನನ್ನು ಇಪ್ಪತ್ತು ಮೂವತ್ತು ಸಾಧನಗಳಿಗೆ ಹಂಚಬೇಕೆಂದರೆ ದುಬಾರಿ ಪೆಟ್ಟಿಗೆಯೇನೂ ಬೇಕಿಲ್ಲ. ಹಳೆಯ ಕಂಪ್ಯೂಟರಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಸೇರಿಸಿ ಲಿನಕ್ಸ್ ಹಾಕಿದರೆ ಅದೇ ಗೇಟ್‌ವೇ (ಒಳಗಿನ ಜಾಲಕ್ಕೂ ಇಂಟರ್ನೆಟ್ಟಿಗೂ ನಡುವಿನ ಬಾಗಿಲು) ಆಗಿ ವರ್ಷಗಟ್ಟಲೆ ದುಡಿಯುತ್ತದೆ. ಒಂದು ಬೆಳಿಗ್ಗೆ ನೆಟ್ ನಿಂತಾಗ ಮಾತ್ರ ಗಾಬರಿ. ಆಗ ಬಹಳ ಜನ ಮೊದಲು ಮಾಡುವುದು ಫೈರ್‌ವಾಲ್ (ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕೆಂದು ನೋಡುವ ಕಾವಲು) ನಿಯಮಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಯುವ ಕೆಲಸ. ಹಾಗೆ ಮಾಡಬೇಡಿ. ಪ್ಯಾಕೆಟ್ (ಜಾಲದಲ್ಲಿ ಓಡಾಡುವ ಮಾಹಿತಿಯ ತುಣುಕು) ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು ಕಣ್ಣಾರೆ ನೋಡುವ ತನಕ ಒಂದು ಸಾಲನ್ನೂ ಮುಟ್ಟಬಾರದು.

ಇಲ್ಲಿ ಹಿಡಿದಿರುವ ಉದಾಹರಣೆ ಹೀಗಿದೆ. ಒಳಗಿನ ಜಾಲ 192.168.10.0/24, ಗೇಟ್‌ವೇಯ ಒಳವಿಳಾಸ 192.168.10.1, ಒಳಗಿನ ಕಾರ್ಡ್ ಇಎನ್‌ಪಿ2ಎಸ್0, ಹೊರಗಿನದು ಇಎನ್‌ಪಿ3ಎಸ್0. ಫೈಬರ್ ಮೋಡೆಮ್ ಬರೀ ದಾಟಿಸುವ ಬ್ರಿಡ್ಜ್ ಆಗಿದ್ದು, ಲಿನಕ್ಸೇ ಪಿಪಿಪಿಒಇ ಡಯಲ್ ಮಾಡುತ್ತದೆ, ಅಂದರೆ ಹೆಸರು, ಗುಪ್ತಪದ ಕೊಟ್ಟು ಸೇವೆ ಕೊಡುವವರ ಜೊತೆ ಸಂಪರ್ಕ ಜೋಡಿಸುತ್ತದೆ. ಹಾಗಾಗಿ ನಿಜವಾದ ಹೊರಬಾಗಿಲು ಆ ಸಂಪರ್ಕದಿಂದ ಹುಟ್ಟುವ ಪಿಪಿಪಿ0. ಆದೇಶಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವುದು ಇಂಗ್ಲಿಷ್ ಸಣ್ಣಕ್ಷರದಲ್ಲಿ, ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನಾಗಿ.

ಕೈ ಹಾಕುವ ಮುಂಚೆ

ಮನೆಯಲ್ಲಿ ಕುಳಿತು ಎಸ್‌ಎಸ್‌ಎಚ್ (ದೂರದ ಯಂತ್ರದಲ್ಲಿ ಆದೇಶ ಓಡಿಸುವ ಸಾಧನ) ಮೂಲಕ ಗಿರಣಿಯ ಗೇಟ್‌ವೇ ಸರಿಮಾಡಲು ಹೊರಟರೆ, ಒಂದು ತಪ್ಪು ನಿಯಮ ಸಾಕು, ಬಾಗಿಲು ನಿಮಗೇ ಮುಚ್ಚಿಕೊಳ್ಳುತ್ತದೆ. ಈಗಿರುವ ಫೈರ್‌ವಾಲ್ ನಿಯಮಗಳನ್ನು ತೋರಿಸುವ ‘ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್’ ಕೊಟ್ಟು ಬಂದದ್ದನ್ನು ಒಂದು ಕಡತಕ್ಕೆ ಉಳಿಸಿ. ಆ ಕಡತದ ಮೊದಲ ಸಾಲಾಗಿ ‘ಫ್ಲಶ್ ರೂಲ್‌ಸೆಟ್’ ಎಂದು ನೀವೇ ಸೇರಿಸಿ. ಅದಿಲ್ಲದಿದ್ದರೆ ಮರಳಿ ತುಂಬಿದಾಗ ಹಳೆಯದರ ಮೇಲೆ ಅವೇ ನಿಯಮಗಳು ಎರಡನೇ ಸಲ ಕೂರುತ್ತವೆ. 5 ನಿಮಿಷದ ನಂತರ ಆ ಕಡತ ತಾನಾಗಿ ತುಂಬಿಕೊಳ್ಳುವಂತೆ ‘ಆಟ್’ ಆದೇಶದಲ್ಲಿ ಸಮಯ ಇಟ್ಟು, ಆಮೇಲೆ ಕೆಲಸಕ್ಕೆ ಕೂತುಕೊಳ್ಳಿ. ಎಲ್ಲ ಸರಿಹೋದರೆ ಆ ಸಮಯವನ್ನು ರದ್ದುಮಾಡಿದರಾಯಿತು.

ಗುಮಾಸ್ತನ ಖಾತೆ ಪುಸ್ತಕ

ನ್ಯಾಟ್, ಅಂದರೆ ಪ್ಯಾಕೆಟ್ಟಿನ ವಿಳಾಸ ಬದಲಿಸುವ ವ್ಯವಸ್ಥೆ, ಏನು ಮಾಡುತ್ತದೆ ಎಂಬುದಕ್ಕೆ ಮಂಡಿಯ ಗುಮಾಸ್ತನನ್ನು ನೆನೆಸಿಕೊಂಡರೆ ಸಾಕು. ಹತ್ತು ರೈತರ ಚೀಟಿ ಹೊರಗೆ ಹೋದರೂ ಅದರ ಮೇಲೆ ಬೀಳುವುದು ಅಂಗಡಿಯ ಮೊಹರು ಒಂದೇ. ಯಾವ ಚೀಟಿ ಯಾರದು ಎಂಬ ಲೆಕ್ಕ ಗುಮಾಸ್ತನ ಪುಸ್ತಕದಲ್ಲಿರುತ್ತದೆ. ಉತ್ತರ ಬಂದಾಗ ಪುಸ್ತಕ ನೋಡಿ ಸರಿಯಾದವರ ಕೈಗೆ ಕೊಡುತ್ತಾನೆ. ಲಿನಕ್ಸಿನಲ್ಲಿ ಮೊಹರು ಹಾಕುವುದು ಮ್ಯಾಸ್ಕರೇಡ್ ನಿಯಮ, ಪುಸ್ತಕದ ಹೆಸರು ಕಾನ್‌ಟ್ರ್ಯಾಕ್.

ಒಂದು ಸಂಪರ್ಕದ ಮೊದಲ ಪ್ಯಾಕೆಟ್ ಮಾತ್ರ ನ್ಯಾಟ್ ನಿಯಮಗಳನ್ನು ಹಾದುಹೋಗುತ್ತದೆ, ಉಳಿದವು ಪುಸ್ತಕದಲ್ಲಿ ಬರೆದಂತೆ ನಡೆಯುತ್ತವೆ. ಆದ್ದರಿಂದಲೇ ನಿಲ್ಲಿಸದೆ ಓಡುತ್ತಿರುವ ಪಿಂಗ್ (ಆಚೆಯ ಯಂತ್ರ ಉತ್ತರಿಸುತ್ತದೆಯೇ ಎಂದು ಕೇಳುವ ಆದೇಶ) ಮೋಸ ಮಾಡುತ್ತದೆ. ನಿಯಮ ಸರಿಮಾಡಿದ ಮೇಲೂ ಅದು ಹಳೆಯ ದಾಖಲೆಯಂತೆಯೇ ಹೋಗುತ್ತಿರುತ್ತದೆ, ನೀವು ಸರಿಯಾದ ನಿಯಮವನ್ನೇ ತಪ್ಪೆಂದು ಅಳಿಸುತ್ತೀರಿ. ಪ್ರತಿ ಬದಲಾವಣೆಯ ನಂತರ ಪಿಂಗ್ ನಿಲ್ಲಿಸಿ, ‘ಕಾನ್‌ಟ್ರ್ಯಾಕ್’ ಆದೇಶಕ್ಕೆ ಹೈಫನ್ ಮತ್ತು ದೊಡ್ಡಕ್ಷರದ ಎಫ್ ಸೇರಿಸಿ ಪುಸ್ತಕ ಖಾಲಿಮಾಡಿ, ಹೊಸದಾಗಿ ಪಿಂಗ್ ಶುರುಮಾಡಿ. ಇದರಿಂದ ನಡೆಯುತ್ತಿರುವ ಸಂಪರ್ಕಗಳು ಕಡಿಯಬಹುದು, ವಹಿವಾಟಿನ ಹೊತ್ತಿನಲ್ಲಿ ಬೇಡ.

ಎರಡೂ ಬಾಗಿಲಲ್ಲಿ ಕಾವಲು

ಗೇಟ್‌ವೇಯಲ್ಲಿ ಎರಡು ಟರ್ಮಿನಲ್ ತೆರೆಯಿರಿ. ಒಂದರಲ್ಲಿ, ಹಾದುಹೋಗುವ ಪ್ಯಾಕೆಟ್ ತೋರಿಸುವ ‘ಟಿಸಿಪಿಡಂಪ್ -ಎನ್ಐ ಇಎನ್‌ಪಿ2ಎಸ್0 ಐಸಿಎಂಪಿ’ (ಐಸಿಎಂಪಿ ಎಂದರೆ ಪಿಂಗ್ ಮತ್ತು ಜಾಲದ ಸೂಚನೆಗಳು ಹೋಗುವ ಬಗೆ), ಇನ್ನೊಂದರಲ್ಲಿ ಅದನ್ನೇ ಪಿಪಿಪಿ0 ಹೆಸರಿನಲ್ಲಿ ಓಡಿಸಿ. ಒಳಗಿನ ಒಂದು ಕಂಪ್ಯೂಟರಿನಿಂದ, ಅದರ ವಿಳಾಸ 192.168.10.25 ಎಂದಿಟ್ಟುಕೊಳ್ಳಿ, ಹೊರಗಿನ ವಿಳಾಸವಾದ 8.8.8.8ಕ್ಕೆ ಪಿಂಗ್ ಕೊಡಿ. ಒಳಬರುವ ಪ್ಯಾಕೆಟ್ಟನ್ನು ಟಿಸಿಪಿಡಂಪ್ ಫೈರ್‌ವಾಲಿಗಿಂತ ಮೊದಲೇ ನೋಡುತ್ತದೆ. ಹೊರಹೋಗುವುದನ್ನು ನ್ಯಾಟ್ ಮುಗಿದ ಮೇಲೆ ನೋಡುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಎರಡು ಪರದೆಗಳೇ ರೋಗ ಹೇಳುತ್ತವೆ.

ಒಳಗಿನ ಕಾರ್ಡಿನಲ್ಲಿ ಏನೂ ಕಾಣದಿದ್ದರೆ ಫೈರ್‌ವಾಲನ್ನು ಮರೆತುಬಿಡಿ. ಕೇಬಲ್, ಸ್ವಿಚ್, ಅಥವಾ ಆ ಕಂಪ್ಯೂಟರಿಗೆ ಕೊಟ್ಟ ಗೇಟ್‌ವೇ ವಿಳಾಸ ತಪ್ಪಿದೆ. ಜಾಲದಲ್ಲಿ ಯಾರೋ ವೈಫೈ ರೂಟರ್ ಚುಚ್ಚಿ, ಅದೂ ಡಿಎಚ್‌ಸಿಪಿ ವಿಳಾಸ ಹಂಚತೊಡಗಿದ್ದರೂ ಹೀಗಾಗುತ್ತದೆ.

ಒಳಗೆ ಕಾಣುತ್ತದೆ, ಹೊರಗೆ ಕಾಣುವುದಿಲ್ಲ ಎಂದರೆ ಪ್ಯಾಕೆಟ್ ಗೇಟ್‌ವೇಯ ಹೊಟ್ಟೆಯಲ್ಲೇ ನಿಂತಿದೆ. ಮೊದಲು ‘ಸಿಸ್‌ಸಿಟಿಎಲ್ ನೆಟ್.ಐಪಿವಿ4.ಐಪಿ_ಫಾರ್ವರ್ಡ್’ ನೋಡಿ. 0 ಬಂದರೆ ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟಿಸಲು ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಅನುಮತಿಯೇ ಇಲ್ಲ. 1 ಮಾಡಬೇಕು, ಮತ್ತು ಇಟಿಸಿ ಒಳಗಿನ ಸಿಸ್‌ಸಿಟಿಎಲ್.ಡಿ ಫೋಲ್ಡರಿನ ಕಡತದಲ್ಲೂ ಬರೆಯಬೇಕು. ಅದು 1 ಆಗಿದ್ದರೆ ‘ಐಪಿ ರೂಟ್’ ಕೊಟ್ಟು, ಡಿಫಾಲ್ಟ್ ದಾರಿ ಪಿಪಿಪಿ0 ಕಡೆಗೇ ಇದೆಯೇ ನೋಡಿ. ಅದೂ ಸರಿಯಿದ್ದರೆ ಆಗ ಫಾರ್ವರ್ಡ್ ಚೈನಿನ (ಚೈನ್ ಎಂದರೆ ಮೇಲಿನಿಂದ ಕೆಳಕ್ಕೆ ನೋಡುವ ನಿಯಮಗಳ ಪಟ್ಟಿ) ಸರದಿ. ಹಾದುಹೋಗುವ ಪ್ಯಾಕೆಟ್ಟಿಗೆ ಇನ್‌ಪುಟ್ ಚೈನಿನ ನಿಯಮ ಲೆಕ್ಕಕ್ಕೇ ಇಲ್ಲ. ಇನ್‌ಪುಟ್ ಎಂದರೆ ಗೇಟ್‌ವೇಗೇ ಬಂದ ಮಾತು, ಫಾರ್ವರ್ಡ್ ಎಂದರೆ ಅದರ ಮೂಲಕ ದಾಟುವ ಮಾತು. ‘ಅಕ್ಸೆಪ್ಟ್ (ಬಿಡು) ಬರೆದಿದ್ದೇನೆ, ಆದರೂ ಹೋಗುತ್ತಿಲ್ಲ’ ಎನ್ನುವವರು ಬಹುಪಾಲು ಇನ್‌ಪುಟ್‌ನಲ್ಲಿ ಬರೆದಿರುತ್ತಾರೆ, ಇಲ್ಲವೇ ಡ್ರಾಪ್ (ಬಿಸಾಡು) ಸಾಲಿನ ಕೆಳಗೆ ಸೇರಿಸಿರುತ್ತಾರೆ. ಅದೇ ಯಂತ್ರದಲ್ಲಿ ಡಾಕರ್ (ತಂತ್ರಾಂಶಗಳನ್ನು ಪ್ರತ್ಯೇಕ ಪೆಟ್ಟಿಗೆಗಳಲ್ಲಿ ಓಡಿಸುವ ಸಾಧನ) ಹಾಕಿದರೂ ಫಾರ್ವರ್ಡ್ ಚೈನಿನ ಪಾಲಿಸಿ, ಅಂದರೆ ಯಾವ ಸಾಲೂ ಹೊಂದದಾಗಿನ ತೀರ್ಮಾನ, ಡ್ರಾಪ್‌ಗೆ ತಿರುಗಿಬಿಡಬಹುದು.

ಹೊರಗಿನ ಬಾಗಿಲಲ್ಲಿ ಕಾಣುತ್ತದೆ, ಆದರೆ ಕಳುಹಿಸಿದವರ ವಿಳಾಸ ಇನ್ನೂ 192.168.10.25 ಎಂದೇ ಇದೆ ಅಂದರೆ ಮೊಹರು ಬಿದ್ದಿಲ್ಲ. ಖಾಸಗಿ ವಿಳಾಸಕ್ಕೆ ಹೊರಜಗತ್ತಿನಿಂದ ಉತ್ತರ ಬರುವ ದಾರಿಯೇ ಇಲ್ಲ. ಮ್ಯಾಸ್ಕರೇಡ್ ನಿಯಮ ಪಿಪಿಪಿ0 ಬದಲು ಇಎನ್‌ಪಿ3ಎಸ್0 ಹೆಸರಿನಲ್ಲಿದೆಯೇ ನೋಡಿ. ಕೇಬಲ್ ಚುಚ್ಚಿರುವುದು ಆ ಕಾರ್ಡಿಗೆ ನಿಜ, ಆದರೆ ಪ್ಯಾಕೆಟ್ ಹೊರಡುವುದು ಪಿಪಿಪಿ0 ಹೆಸರಿನಲ್ಲಿ. ಪಿಪಿಪಿಒಇ ಇರುವ ಕಡೆ ಅತಿ ಹೆಚ್ಚು ಆಗುವ ತಪ್ಪು ಇದು.

ವಿಳಾಸ ಸರಿಯಾಗಿ ಬದಲಾಗಿ ಹೊರಗೆ ಹೋಗುತ್ತದೆ, ಉತ್ತರ ಮಾತ್ರ ಬರುವುದಿಲ್ಲ ಎಂದರೆ ಲೈನ್ ಕೊಟ್ಟವರನ್ನು ಕೇಳುವ ಹೊತ್ತು. ಉತ್ತರ ಪಿಪಿಪಿ0ಗೆ ಬಂದರೂ ಒಳಗಿನ ಕಾರ್ಡಿಗೆ ತಲುಪದಿದ್ದರೆ, ಫಾರ್ವರ್ಡ್ ಚೈನಿನಲ್ಲಿ ‘ಸಿಟಿ ಸ್ಟೇಟ್ ಎಸ್ಟಾಬ್ಲಿಷ್ಡ್,ರಿಲೇಟೆಡ್ ಅಕ್ಸೆಪ್ಟ್’ ಸಾಲು (ಶುರುವಾದ ಸಂಪರ್ಕದ ಉತ್ತರಗಳನ್ನು ಬಿಡುವುದು) ಬಿಟ್ಟುಹೋಗಿರುತ್ತದೆ. ಎರಡು ಕಂಪನಿಗಳ ಲೈನ್ ಇದ್ದರೆ ಆರ್‌ಪಿ_ಫಿಲ್ಟರ್ ಕೂಡ ಶಂಕಿತ: ಒಂದು ಲೈನಿನಿಂದ ಬಂದ ಪ್ಯಾಕೆಟ್ಟಿಗೆ ಮರುದಾರಿ ಇನ್ನೊಂದು ಲೈನಿನಲ್ಲಿದ್ದರೆ, ಮೌಲ್ಯ 1 ಇರುವಾಗ ಕರ್ನಲ್ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಇಲ್ಲಿ ‘ಆಲ್’ (ಎಲ್ಲ ಕಾರ್ಡಿಗೂ ಸೇರಿದ ಮೌಲ್ಯ) ಮತ್ತು ಆಯಾ ಕಾರ್ಡು, ಎರಡರಲ್ಲಿ ದೊಡ್ಡ ಸಂಖ್ಯೆಯೇ ನಡೆಯುತ್ತದೆ. ‘ಆಲ್’ 1 ಇರುವಾಗ ಕಾರ್ಡಿಗೆ 0 ಕೊಟ್ಟು ಫಲವಿಲ್ಲ, 2 ಕೊಡಿ.

ಎಣಿಕೆ ನೋಡಿ, ಊಹೆ ಬೇಡ

ಫೈರ್‌ವಾಲ್ ನಿಯಮ ಬರೆಯುವ ಹಳೆಯ ಸಾಧನವಾದ ಐಪಿಟೇಬಲ್ಸ್ ಪ್ರತಿ ನಿಯಮಕ್ಕೂ ಎಷ್ಟು ಪ್ಯಾಕೆಟ್ ಬಿತ್ತೆಂದು ತಾನಾಗಿ ಎಣಿಸುತ್ತದೆ. ಹೊಸದಾದ ಎನ್‌ಎಫ್‌ಟೇಬಲ್ಸ್ (‘ಎನ್‌ಎಫ್‌ಟಿ’ ಇದರ ಆದೇಶವೇ) ಎಣಿಸಬೇಕಾದರೆ ನಿಯಮದಲ್ಲೇ ‘ಕೌಂಟರ್’ ಎಂಬ ಪದ ಬರೆದಿರಬೇಕು. ಪಿಂಗ್ ಓಡುತ್ತಿರುವಾಗ ಯಾವ ಡ್ರಾಪ್ ಸಾಲಿನ ಸಂಖ್ಯೆ ಏರುತ್ತದೋ ಅದೇ ಕಳ್ಳ. ಸಾಲದೆ ಬಂದರೆ ಪ್ರಿರೂಟಿಂಗ್ ಚೈನಿನಲ್ಲಿ (ಒಳಬಂದ ಪ್ಯಾಕೆಟ್ಟಿನ ದಾರಿ ತೀರ್ಮಾನವಾಗುವ ಮುಂಚಿನದು) ಆ ಒಂದು ವಿಳಾಸಕ್ಕೆ ಮಾತ್ರ ‘ಮೆಟಾ ಎನ್‌ಎಫ್‌ಟ್ರೇಸ್ ಸೆಟ್ 1’ ಹಾಕಿ, ಇನ್ನೊಂದು ಟರ್ಮಿನಲ್ಲಿನಲ್ಲಿ ‘ಎನ್‌ಎಫ್‌ಟಿ ಮಾನಿಟರ್ ಟ್ರೇಸ್’ ಓಡಿಸಿ. ಪ್ಯಾಕೆಟ್ ಯಾವ ಚೈನಿನ ಯಾವ ಸಾಲಿಗೆ ತಾಗಿ ಏನಾಯಿತು ಎಂಬುದು ಹೆಜ್ಜೆಹೆಜ್ಜೆಗೂ ಬರುತ್ತದೆ.

ಎರಡು ಸಾಧನ ಬೆರೆಸಿದರೆ ಮಾತ್ರ ಗೊಂದಲ ತಪ್ಪದು. ಹಳೆಯ ಐಪಿಟೇಬಲ್ಸ್-ಲೆಗಸಿಯಲ್ಲಿ ಉಳಿದ ನಿಯಮಗಳು ‘ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್’ನಲ್ಲಿ ಕಾಣುವುದಿಲ್ಲ, ಆದರೆ ಕೆಲಸ ಮಾಡುತ್ತಿರುತ್ತವೆ. ಎನ್‌ಎಫ್‌ಟೇಬಲ್ಸ್‌ನಲ್ಲೇ ಎರಡು ಫಾರ್ವರ್ಡ್ ಚೈನುಗಳಿದ್ದರೆ, ಒಂದರಲ್ಲಿ ಅಕ್ಸೆಪ್ಟ್ ಆದದ್ದು ಮುಂದಿನದರಲ್ಲಿ ಡ್ರಾಪ್ ಆಗಬಹುದು. ಡ್ರಾಪ್ ಎಲ್ಲಿ ಆದರೂ ಅದೇ ಕೊನೆ.

ಪಿಂಗ್ ಹೋಗುತ್ತದೆ, ಪುಟ ತೆರೆಯುವುದಿಲ್ಲ

8.8.8.8ಕ್ಕೆ ಪಿಂಗ್ ಹೋಗಿ, ಹೆಸರು ಹಾಕಿದ ತಾಣಕ್ಕೆ ಹೋಗದಿದ್ದರೆ ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ತೊಂದರೆ. ಗೇಟ್‌ವೇಯೇ ಡಿಎನ್‌ಎಸ್ ಉತ್ತರ ಕೊಡುತ್ತಿದ್ದರೆ 53ನೇ ಪೋರ್ಟಿಗೆ ಒಳಜಾಲದಿಂದ ಇನ್‌ಪುಟ್ ಚೈನಿನಲ್ಲಿ ಅನುಮತಿ ಬೇಕು, ಯುಡಿಪಿ ಮತ್ತು ಟಿಸಿಪಿ ಎಂಬ ಸಾಗಣೆಯ ಎರಡೂ ಬಗೆಗೆ.

ಇನ್ನೊಂದು ಕಾಟ ಇದಕ್ಕಿಂತ ಸೂಕ್ಷ್ಮ. ಕೆಲವು ತಾಣ ಸರಾಗ, ಕೆಲವು ಅರ್ಧ ತೆರೆದು ನಿಲ್ಲುತ್ತವೆ, ದೊಡ್ಡ ಕಡತ ಕಳುಹಿಸಲು ಹೋದರೆ ಅಲ್ಲೇ ಕೂರುತ್ತದೆ. ಈಥರ್ನೆಟ್ಟಿನ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, 1500 ಬೈಟ್. ಪಿಪಿಪಿಒಇ ತನ್ನ ತಲೆಪಟ್ಟಿಗೆ 8 ಬೈಟ್ ತೆಗೆದುಕೊಳ್ಳುವುದರಿಂದ ಉಳಿಯುವುದು 1492. ಒಳಗಿನ ಲಿನಕ್ಸ್ ಯಂತ್ರದಿಂದ, ಪ್ಯಾಕೆಟ್ ಒಡೆಯಬಾರದೆಂಬ ಆಯ್ಕೆಯೊಂದಿಗೆ 1464 ಬೈಟಿನ ಪಿಂಗ್ ಕೊಡಿ. 28 ಬೈಟ್ ತಲೆಪಟ್ಟಿ ಸೇರಿ 1492 ಆಗುತ್ತದೆ, ದಾಟಬೇಕು. 1472 ಕೊಟ್ಟರೆ ಒಟ್ಟು 1500, ದಾಟಬಾರದು. ‘ಚಿಕ್ಕದು ಮಾಡಿ ಕಳಿಸು’ ಎಂಬ ಸೂಚನೆ ಬರುವುದು ಐಸಿಎಂಪಿ ಮೂಲಕ. ಭದ್ರತೆಯೆಂದು ಐಸಿಎಂಪಿಯನ್ನು ಪೂರ್ತಿ ಮುಚ್ಚಿದರೆ ಆ ಸೂಚನೆ ಯಾರಿಗೂ ತಲುಪದು. ದಯವಿಟ್ಟು ಅದನ್ನು ಮುಚ್ಚಬೇಡಿ. ಜೊತೆಗೆ ಫಾರ್ವರ್ಡ್ ಚೈನಿನಲ್ಲಿ ‘ಟಿಸಿಪಿ ಫ್ಲ್ಯಾಗ್ಸ್ ಸಿನ್ ಟಿಸಿಪಿ ಆಪ್ಷನ್ ಮ್ಯಾಕ್ಸ್‌ಸೆಗ್ ಸೈಜ್ ಸೆಟ್ ಆರ್‌ಟಿ ಎಂಟಿಯು’ ಎಂಬ, ಸಂಪರ್ಕ ಶುರುವಾಗುವಾಗಲೇ ತುಣುಕಿನ ಗಾತ್ರ ಇಳಿಸುವ ಸಾಲು ಸೇರಿಸಿ. ಎಸ್ಟಾಬ್ಲಿಷ್ಡ್ ಸಾಲಿನ ಮೇಲೆಯೇ ಇರಲಿ. ಕೆಳಗಿದ್ದರೆ ಮರಳಿ ಬರುವ ಸಿನ್-ಆಕ್ (ಸಂಪರ್ಕ ಕೋರಿಕೆಗೆ ಮೊದಲ ಉತ್ತರ) ಪ್ಯಾಕೆಟ್ ಅದನ್ನು ಮುಟ್ಟದೆಯೇ ದಾಟಿಬಿಡುತ್ತದೆ.

ಸಿಸಿಟಿವಿ ಹೊರಗಿನಿಂದ ಕಾಣುತ್ತಿಲ್ಲ

ಗಿರಣಿಯ ಡಿವಿಆರ್ (ಕ್ಯಾಮೆರಾ ಚಿತ್ರ ದಾಖಲಿಸುವ ಪೆಟ್ಟಿಗೆ) 192.168.10.50ರಲ್ಲಿದೆ, ಫೋನಿನಲ್ಲಿ ನೋಡಬೇಕು. ಪ್ರಿರೂಟಿಂಗ್‌ನಲ್ಲಿ ಡಿನ್ಯಾಟ್ (ತಲುಪಬೇಕಾದ ವಿಳಾಸ ಬದಲಿಸುವ ನಿಯಮ) ಬರೆದರಷ್ಟೇ ಸಾಲದು, ಫಾರ್ವರ್ಡ್‌ನಲ್ಲೂ ದಾರಿ ಬಿಡಬೇಕು. ಆ ನಿಯಮದಲ್ಲಿ ಬರೆಯಬೇಕಾದದ್ದು ಬದಲಾದ ಮೇಲಿನ ವಿಳಾಸ ಮತ್ತು ಪೋರ್ಟ್, ಏಕೆಂದರೆ ಫಾರ್ವರ್ಡ್‌ಗೆ ಬರುವ ಹೊತ್ತಿಗೆ ಡಿನ್ಯಾಟ್ ಮುಗಿದಿರುತ್ತದೆ.

ಪರೀಕ್ಷೆಯನ್ನು ಆಫೀಸಿನ ವೈಫೈನಲ್ಲೇ ಕುಳಿತು ಮಾಡಿದರೆ ಅದು ವಿಫಲವಾಗುವುದು ಸಹಜ. ಫೋನ್ ಹೊರವಿಳಾಸಕ್ಕೆ ಮಾತನಾಡುತ್ತದೆ, ಗೇಟ್‌ವೇ ಅದನ್ನು ಡಿವಿಆರ್‌ಗೆ ತಿರುಗಿಸಿದರೂ ಡಿವಿಆರ್ ಉತ್ತರವನ್ನು ನೇರವಾಗಿ ಫೋನಿಗೆ ಕೊಡುತ್ತದೆ. ಕೇಳಿದ ವಿಳಾಸವೇ ಬೇರೆ, ಉತ್ತರಿಸಿದ ವಿಳಾಸವೇ ಬೇರೆ. ಫೋನ್ ಅದನ್ನು ತಳ್ಳಿಹಾಕುತ್ತದೆ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಒಳಗಿನಿಂದಲೂ ಬೇಕೇಬೇಕೆಂದರೆ ಒಳಜಾಲದಿಂದ ಡಿವಿಆರ್‌ಗೆ ಹೋಗುವುದಕ್ಕೂ ಡಿನ್ಯಾಟ್ ಮತ್ತು ಮ್ಯಾಸ್ಕರೇಡ್ ಎರಡನ್ನೂ ಹಾಕಬೇಕು.

ಇಷ್ಟಕ್ಕೆಲ್ಲ ಮುಂಚೆ ಪಿಪಿಪಿ0ಗೆ ಸಿಕ್ಕ ವಿಳಾಸ ನೋಡಿ. 100.64ರಿಂದ 100.127ರೊಳಗೆ ಶುರುವಾಗಿದ್ದರೆ ಅದು ಸೇವೆ ಕೊಡುವವರ ಕಡೆಯೂ ನಡೆಯುತ್ತಿರುವ ನ್ಯಾಟ್. ನಿಮ್ಮ ಕಡೆ ಏನು ಬರೆದರೂ ಹೊರಗಿನವರು ಒಳಬರಲಾರರು. ಸ್ಥಿರ ಸಾರ್ವಜನಿಕ ವಿಳಾಸ ಕೇಳಿ ಪಡೆಯಬೇಕು. ಅದು ಸಿಕ್ಕ ಮೇಲೂ ಡಿವಿಆರ್ ಪೋರ್ಟನ್ನು ಜಗತ್ತಿಗೆಲ್ಲ ತೆರೆಯುವುದಕ್ಕಿಂತ, ಗೇಟ್‌ವೇಯಲ್ಲಿ ವೈರ್‌ಗಾರ್ಡ್ (ಗೂಢಲಿಪಿಯ ಖಾಸಗಿ ಸುರಂಗ, ವಿಪಿಎನ್) ಹಾಕಿ ಒಂದೇ ಯುಡಿಪಿ ಪೋರ್ಟ್ ತೆರೆದಿಡುವುದು ಎಷ್ಟೋ ಕ್ಷೇಮ.

ಸಂಜೆ ಹೊತ್ತಿಗೆ ಮಾತ್ರ ತೊಂದರೆ

ಪಿ.ಜಿ.ಯಲ್ಲಿ ಹಗಲೆಲ್ಲ ಸರಿ, ಹುಡುಗರೆಲ್ಲ ಬಂದ ಮೇಲೆ ಹೊಸ ಪುಟ ತೆರೆಯುವುದಿಲ್ಲ, ಆದರೆ ಆಗಲೇ ಓಡುತ್ತಿರುವ ವಿಡಿಯೊ ನಿಲ್ಲುವುದಿಲ್ಲ ಎಂದರೆ ಖಾತೆ ಪುಸ್ತಕ ತುಂಬಿದೆ. ‘ಡಿಮೆಸೆಜ್’ ಆದೇಶದಲ್ಲಿ ‘ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಎಂಬ ಸಾಲು ಸಿಗುತ್ತದೆ. ಎನ್‌ಎಫ್_ಕಾನ್‌ಟ್ರ್ಯಾಕ್_ಕೌಂಟ್ ಎಂಬ ಎಣಿಕೆ ಎನ್‌ಎಫ್_ಕಾನ್‌ಟ್ರ್ಯಾಕ್_ಮ್ಯಾಕ್ಸ್ ಹತ್ತಿರ ಬಂದಿದ್ದರೆ ಮಿತಿಯನ್ನು 262144ಕ್ಕೆ ಏರಿಸಿ. ಮಾತಿಲ್ಲದೆ ಬಿದ್ದಿರುವ ಟಿಸಿಪಿ ಸಂಪರ್ಕವನ್ನು ಪುಸ್ತಕ ಮೂಲತಃ 432000 ಸೆಕೆಂಡ್, ಅಂದರೆ 5 ದಿನ ಇಟ್ಟುಕೊಳ್ಳುತ್ತದೆ. 86400ಕ್ಕೆ ಇಳಿಸಿದರೆ ಹಳೆಯ ಸಾಲುಗಳು ಬೇಗ ಖಾಲಿಯಾಗುತ್ತವೆ.

ಕರೆಂಟ್ ಹೋಗಿ ಬಂದ ಮೇಲೆ

ಸರಿಮಾಡಿದ ನಿಯಮಗಳು ಸದ್ಯಕ್ಕೆ ಮೆಮೊರಿಯಲ್ಲಿ ಮಾತ್ರ ಇವೆ. ಇಟಿಸಿ ಫೋಲ್ಡರಿನ ಎನ್‌ಎಫ್‌ಟೇಬಲ್ಸ್.ಕಾನ್ಫ್ ಕಡತಕ್ಕೆ ಬರೆದು, ‘ಸಿಸ್ಟಮ್‌ಸಿಟಿಎಲ್ ಎನೇಬಲ್ ಎನ್‌ಎಫ್‌ಟೇಬಲ್ಸ್’ ಕೊಡಿ. ಕಡತದಲ್ಲಿ ಹೊರಬಾಗಿಲನ್ನು ‘ಒಐಎಫ್’ ಎಂದು ಬರೆಯದೆ ‘ಒಐಎಫ್‌ನೇಮ್’ ಎಂದೇ ಬರೆಯಿರಿ. ಯಂತ್ರ ಏಳುವಾಗ ಪಿಪಿಪಿ0 ಇನ್ನೂ ಹುಟ್ಟಿರುವುದಿಲ್ಲ; ‘ಒಐಎಫ್’ ಆ ಹೆಸರನ್ನು ಆಗಲೇ ಹುಡುಕಿ, ಸಿಗದೆ ಇಡೀ ಕಡತವನ್ನೇ ತಿರಸ್ಕರಿಸುತ್ತದೆ. ಒಂದು ಸಾಲಿನ ತಪ್ಪಿಗೆ ಒಂದು ನಿಯಮವೂ ಇಲ್ಲದ ಗೇಟ್‌ವೇ ಎದ್ದು ಕೂರುತ್ತದೆ. ಐಪಿವಿ6 (ಹೊಸ ಬಗೆಯ ಉದ್ದ ವಿಳಾಸ) ಇರುವ ಲೈನಿನಲ್ಲಿ ಇದು ಇನ್ನೂ ಅಪಾಯ, ಅಲ್ಲಿ ಒಳಗಿನ ಯಂತ್ರಗಳನ್ನು ಮರೆಮಾಡಲು ನ್ಯಾಟ್ ಇರುವುದಿಲ್ಲ. ಫಿಲ್ಟರ್ ಟೇಬಲ್ಲನ್ನು ‘ಐಪಿ’ ಬದಲು ‘ಐನೆಟ್’ ಎಂದು ಘೋಷಿಸಿದರೆ ಎರಡೂ ಬಗೆಯ ಪ್ಯಾಕೆಟ್ಟಿಗೆ ಒಂದೇ ನಿಯಮ ನಡೆಯುತ್ತದೆ.

ಕೊನೆಗೆ, ಜನ ಬಳಸದ ಹೊತ್ತು ನೋಡಿ ಗೇಟ್‌ವೇಯನ್ನು ಒಮ್ಮೆ ರೀಬೂಟ್ ಮಾಡಿ. ಅದು ಏಳುವವರೆಗೆ ಏನೂ ಟೈಪ್ ಮಾಡದೆ ಕಾದು, ಒಳಗಿನ ಕಂಪ್ಯೂಟರಿನಿಂದ ಒಂದು ಪುಟ, ಹೊರಗೆ ಮೊಬೈಲ್ ಡೇಟಾದಿಂದ ಕ್ಯಾಮೆರಾ, ಎರಡನ್ನೂ ತೆರೆದು ನೋಡಿ.